ದೇವಳಾಲಿಯ ತಾಪ

ಇಂಗ್ಲಿಷರ ಆಡುಮಾತಿನಲ್ಲಿ 'ಡೂಲಾಲಿ' ಎಂಬ ವಿನೋದದ ಪದವೊಂದುಂಟು. ಯಾರಾದರೂ ತಲೆ ಕೆಟ್ಟವರಂತೆ ಆಡಿದರೆ 'ಅವನು ಡೂಲಾಲಿಯಾದ' ಎನ್ನುತ್ತಾರೆ. ಅದು ಬೈಗುಳವಲ್ಲ, ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಅಜ್ಜನಿಗೂ ಸಲ್ಲುವ ಮಾತು. ಹಾಗೆ ಆಡುವವರಲ್ಲಿ ಎಷ್ಟೋ ಮಂದಿಗೆ ಅದು ನಮ್ಮ ದೇಶದ ಊರೊಂದರ ಹೆಸರೆಂಬುದು ಹೊಳೆದಿರಲಾರದು.

ಊರು ದೇವಳಾಲಿ, ನಾಸಿಕದ ಮಗ್ಗುಲಲ್ಲಿದೆ. 1861ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯದ ಶಿಬಿರವೊಂದನ್ನು ಸ್ಥಾಪಿಸಿದರು. ಹಿಂದೂಸ್ಥಾನದಲ್ಲಿ ಸೇವೆಯ ಅವಧಿ ಮುಗಿಸಿದ ಗೋರಾ ಸಿಪಾಯಿಗಳು ಮುಂಬಯಿಯಲ್ಲಿ ಹಡಗು ಹತ್ತುವ ಮುನ್ನ ಅಲ್ಲಿ ತಂಗುತ್ತಿದ್ದರು. ಆದರೆ ದಂಡಿನ ಹಡಗುಗಳು ಹೊರಡುತ್ತಿದ್ದುದು ಚಳಿಗಾಲದ ಕೆಲವು ತಿಂಗಳುಗಳಲ್ಲಿ ಮಾತ್ರ. ಕೊನೆಯ ಹಡಗು ತಪ್ಪಿದವನ ಪಾಡೇನು? ಬೇಸಗೆ, ಮಳೆಗಾಲಗಳೆರಡನ್ನೂ ಅಲ್ಲಿಯೇ ಕಳೆಯಬೇಕು. ಹೇಳಿಕೊಳ್ಳುವಂಥ ಕೆಲಸವಿಲ್ಲ, ಊರಿಗೆ ಹೋಗುವ ದಿನ ಗೊತ್ತಿಲ್ಲ. ಅದೇ ಕಾಲದಲ್ಲಿ ಭಾರತದಲ್ಲಿ ಸೇವೆ ಮಾಡಿದ ಫ್ರ್ಯಾಂಕ್ ರಿಚರ್ಡ್ಸ್ ಎಂಬ ಸಾಮಾನ್ಯ ಸಿಪಾಯಿ 1936ರಲ್ಲಿ ಪ್ರಕಟಿಸಿದ ತನ್ನ ನೆನಪುಗಳಲ್ಲಿ ಈ ಸಂಗತಿಯನ್ನು ಬರೆದಿದ್ದಾನೆ. ವರ್ಷಗಟ್ಟಲೆ ನಡತೆ ಕೆಡಿಸಿಕೊಳ್ಳದೆ ಬಾಳಿದವರೂ ಆ ಕಾಯುವಿಕೆಯಲ್ಲಿ ಬದಲಾಗಿಹೋಗುತ್ತಿದ್ದರಂತೆ.

ಸಿಪಾಯಿಗಳು ಈ ಸ್ಥಿತಿಗೆ ಕೊಟ್ಟ ಪೂರ್ಣ ಹೆಸರು 'ಡೂಲಾಲಿ ಟ್ಯಾಪ್'. ಈ 'ಟ್ಯಾಪ್' ನಮ್ಮ ಮನೆಯ ನಲ್ಲಿಯಲ್ಲ, ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ 'ತಾಪ'ವೇ! ದೇವಳಾಲಿಯ ಜ್ವರ ಎಂದಂತಾಯಿತು. ತಾಪವೆಂದೊಡನೆ ಬಿಸಿಲೇ ತಲೆ ಕೆಡಿಸಿತೆಂದು ಕೆಲವರು ಊಹಿಸುವುದುಂಟು. ನನಗೆ ಅದು ಒಪ್ಪಿಗೆಯಾಗದು. ದೇವಳಾಲಿಯ ಹವೆ ಹಿತವಾದುದೆಂದೇ ಅಲ್ಲಿ ಆರೋಗ್ಯಧಾಮಗಳು ಎದ್ದವು. ತಲೆ ಕೆಡಿಸಿದ್ದು ಬಿಸಿಲಲ್ಲ, ಬಾರದ ಹಡಗು.

ಹಡಗು ಬಂದಿತು, ಮಾತೂ ಅವರ ಜೊತೆಯಲ್ಲಿ ಸಮುದ್ರ ದಾಟಿತು. 1925ರಲ್ಲಿ ಹೊರಬಂದ ಸೈನಿಕರ ಪದಗಳ ನಿಘಂಟೊಂದರಲ್ಲಿ 'ಟ್ಯಾಪ್' ಇನ್ನೂ ಇದೆ. ಮುಂದೆ ಬಳಕೆಯಲ್ಲಿ ಅದು ಕಳಚಿಬಿದ್ದಿತು. ಕಾಯಿಲೆಯ ಹೆಸರು ಹೋಗಿ ಊರಿನ ಹೆಸರಷ್ಟೇ ಉಳಿಯಿತು. ಪಾಪ, ಆ ಊರು ಮಾಡಿದ ತಪ್ಪೇನು?

ನಮ್ಮಲ್ಲಿಯೂ ಇಂಥದು ಇಲ್ಲದೆ ಇಲ್ಲ. ಉತ್ತರ ಕರ್ನಾಟಕದಲ್ಲಿ ಒಬ್ಬನು ಅಡ್ಡಾದಿಡ್ಡಿ ಮಾತನಾಡಿದರೆ 'ಇವನನ್ನ ಧಾರವಾಡಕ್ಕ ಕಳಸಬೇಕು' ಎಂದು ನಗುತ್ತಾರೆ. ಅಲ್ಲಿ ಮಾನಸಿಕ ರೋಗಿಗಳ ಹಳೆಯ ಆಸ್ಪತ್ರೆಯಿರುವುದರಿಂದ ಆ ಮಾತಿಗೊಂದು ಆಧಾರವಾದರೂ ಉಂಟು. ದೇವಳಾಲಿಯಲ್ಲಿ ಈಗಲೂ ಸೈನ್ಯವಿದೆ, ಫಿರಂಗಿದಳದ ತರಬೇತಿ ಶಾಲೆಯಿದೆ. ಮುಂಬಯಿಯ ಕಡೆಗೆ ಹೋಗುವ ರೈಲುಗಳೂ ಆ ನಿಲ್ದಾಣದ ಮೂಲಕವೇ ಹಾದುಹೋಗುತ್ತವೆ.