ಬಿಡುವಿಲ್ಲದ ಕರೆಂಟು, ಮೂರನೆಯ ಪಾಳಿ: ಬ್ಲಫ್‌ನ ಕರಾರಿನ ಮರುಓದು

ಶಿವನಸಮುದ್ರದ ವಿದ್ಯುತ್ತಿನ ಬಗ್ಗೆ ಬರೆದವರು ಹೆಚ್ಚುಕಡಿಮೆ ಒಂದೇ ದಾರಿ ಹಿಡಿದಿದ್ದಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಧೈರ್ಯ, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಯೋಜನೆ, 1902ರ ಜೂನ್ 30ರಂದು ಅಲ್ಲಿನ ವಿದ್ಯುದಾಗಾರವಿರುವ ಬ್ಲಫ್‌ನಿಂದ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ತಂತಿಯಲ್ಲಿ ಹರಿದ ಕರೆಂಟು, ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನನ್ನ ತಕರಾರು ಇಂಥ ಬರಹಗಳ ಕೊನೆಯಲ್ಲಿ ಸಾಕ್ಷ್ಯವಿಲ್ಲದೆ ನುಸುಳುವ ಒಂದು ಮಾತಿನ ಮೇಲೆ: ವಿದ್ಯುತ್ತು ಬಂತು, ಆಳಿನ ಹೊರೆ ಇಳಿಯಿತು, ದುಡಿಮೆಯ ಹೊತ್ತು ತಾನಾಗಿ ಮೊಟಕಾಯಿತು. ಮೊದಲ ಎರಡು ಮಾತುಗಳನ್ನು ಬೇಕಾದರೆ ಒಪ್ಪೋಣ. ಮೂರನೆಯದು ತಪ್ಪು. ಅದು ತಪ್ಪೆಂದು ತೋರಿಸುವ ದಾಖಲೆಯನ್ನೇ ಇವರು ತಮ್ಮ ವಾದಕ್ಕೆ ಆಧಾರವಾಗಿ ಉಲ್ಲೇಖಿಸುತ್ತ ಬಂದಿದ್ದಾರೆ.

ಆ ದಾಖಲೆ ಮೈಸೂರು ಸರ್ಕಾರಕ್ಕೂ ಗಣಿ ಕಂಪನಿಗಳಿಗೂ ಆದ ಕರಾರು. ಅದರಲ್ಲಿ ದರ ನಿಗದಿಯಾದದ್ದು ಅಶ್ವಶಕ್ತಿಯೊಂದಕ್ಕೆ ವರ್ಷಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ. ಮೊದಲು ದುಬಾರಿ, ವರ್ಷ ಕಳೆದಂತೆ ಅಗ್ಗ. ನಮ್ಮ ಲೇಖಕರ ಕಣ್ಣು ಅಗ್ಗದ ಮೇಲಷ್ಟೇ ನಿಂತಿದೆ: ಶಕ್ತಿ ಅಗ್ಗವಾಯಿತು, ಆದ್ದರಿಂದ ಮನುಷ್ಯನಿಗೆ ಬಿಡುವು. ಆದರೆ ದರ ಎಷ್ಟು ಎಂಬುದಕ್ಕಿಂತ ಅದನ್ನು ಯಾವುದರ ಮೇಲೆ ಹಾಕಿದರು ಎಂಬುದು ಇಲ್ಲಿ ಮುಖ್ಯ. ಇಂದು ನಾವು ಯೂನಿಟ್ಟಿಗೆ ದುಡ್ಡು ಕಟ್ಟುತ್ತೇವೆ. ಸ್ವಿಚ್ ಆರಿಸಿದರೆ ದುಡ್ಡು ಉಳಿಯುತ್ತದೆ. ವರ್ಷದ ಅಶ್ವಶಕ್ತಿಗೆ ದುಡ್ಡು ಕಟ್ಟಿದವನಿಗೆ ಸ್ವಿಚ್ ಆರಿಸಿದರೆ ಕಾಸೂ ಉಳಿಯುವುದಿಲ್ಲ. ಅದಕ್ಕೆ ಮುಂಚೆ ಗಣಿಯಲ್ಲಿದ್ದದ್ದು ಆವಿಯಂತ್ರ. ಯಂತ್ರ ನಿಲ್ಲಿಸಿದರೆ ಅಷ್ಟು ಸೌದೆ, ಅಷ್ಟು ಕಲ್ಲಿದ್ದಲು ಉಳಿಯುತ್ತಿತ್ತು. ಬ್ಲಫ್‌ನ ಕರೆಂಟು ಬಂದ ಮೇಲೆ ಬಿಡುವಿನ ಪ್ರತಿ ಗಂಟೆಯೂ ದುಡ್ಡು ಕೊಟ್ಟು ಕೊಂಡು ಬಳಸದೆ ಬಿಟ್ಟ ಗಂಟೆಯಾಯಿತು. ಹೊತ್ತು ಕಡಿಮೆ ಮಾಡಲು ಮಾಲೀಕನಿಗಿದ್ದ ಒಂದು ಸಣ್ಣ ಆಮಿಷವನ್ನೂ ಈ ಕರಾರು ತೆಗೆದುಹಾಕಿತು.

ಇದಕ್ಕೊಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಆಳದ ಗಣಿ ಹೇಗಿದ್ದರೂ ಹಗಲಿರುಳು ನಡೆಯಬೇಕು, ನೀರೆತ್ತದಿದ್ದರೆ ಮುಳುಗುತ್ತದೆ. ಒಪ್ಪುತ್ತೇನೆ. ನೆಲದಡಿಯ ಪಾಳಿಗೆ ಸೆಕೆ ಮತ್ತು ಸಿಡಿಮದ್ದಿನ ಹೊಗೆಯೇ ಒಂದು ಮಿತಿ ಹಾಕಿದ್ದವು ಎಂಬುದನ್ನೂ ಒಪ್ಪುತ್ತೇನೆ. ಆದರೆ ನನ್ನ ವಾದ ನೆಲದ ಮೇಲಿನವರ ಬಗ್ಗೆ, ಅದಿರು ಕುಟ್ಟುವ ಗಿರಣಿಯವರ ಬಗ್ಗೆ. ಅದಿರು ಒಂದು ರಾತ್ರಿ ಕುಟ್ಟದೆ ಬಿದ್ದಿದ್ದರೆ ಕೊಳೆಯುವುದಿಲ್ಲ. ಅಲ್ಲಿ ಯಂತ್ರ ನಿಲ್ಲದಂತೆ ಮಾಡಿದ್ದು ಭೂಮಿಯಲ್ಲ, ಲೆಕ್ಕದ ಪುಸ್ತಕ.

ಆ ಲೆಕ್ಕದ ಒತ್ತಡ ಎಷ್ಟೆಂಬುದಕ್ಕೆ ಕನ್ನಂಬಾಡಿಯೇ ಸಾಕ್ಷಿ. ಬೇಸಿಗೆಯಲ್ಲಿ ಕಾವೇರಿ ಸೊರಗಿ ಬ್ಲಫ್‌ನ ಚಕ್ರಗಳಿಗೆ ನೀರು ಸಾಲದೆ ಬಂದಾಗ, ಗಣಿಗೆ ವರ್ಷವಿಡೀ ತಡೆಯಿಲ್ಲದ ಶಕ್ತಿ ಕೊಡಬೇಕೆಂಬುದು 1911ರಲ್ಲಿ ಶುರುವಾದ ಅಣೆಕಟ್ಟೆಯ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. (ಮಂಡ್ಯದ ಗದ್ದೆಗೆ ನೀರುಣಿಸಲೆಂದೇ ಅದನ್ನು ಕಟ್ಟಿದರೆಂದು ನಮ್ಮ ಕಡೆ ಹೇಳಿಕೊಳ್ಳುತ್ತೇವೆ, ಮಳವಳ್ಳಿ, ಮದ್ದೂರಿನವರ ಆ ಅಭಿಮಾನ ನನ್ನದೂ ಹೌದು, ಆದರೆ ದಾಖಲೆ ಅಷ್ಟಕ್ಕೇ ನಿಲ್ಲುವುದಿಲ್ಲ.) ಯಂತ್ರಕ್ಕೆ ಬಿಡುವಾಗದಿರಲೆಂದು ನದಿಯನ್ನೇ ಕಟ್ಟಿಹಾಕಿದ ಕಾಲ ಅದು. ಆಳಿಗೆ ಬಿಡುವು ತಾನಾಗಿ ಸಿಕ್ಕಿತೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮುಂಬಯಿ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಿಗೆ ಬ್ಲಫ್‌ನ ಕರೆಂಟು ದೀಪ ಹಚ್ಚಿತು; ಅದನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ಹೊತ್ತಿಗೆ ಮುಂಬಯಿಯ ಬಟ್ಟೆ ಗಿರಣಿಗಳಿಗೂ ವಿದ್ಯುತ್ ದೀಪ ಬಂದಿತ್ತು. (ಅದು ಜಲವಿದ್ಯುತ್ತಲ್ಲ, ಟಾಟಾ ಜಲವಿದ್ಯುತ್ ಅಲ್ಲಿಗೆ ಮುಟ್ಟಿದ್ದು 1915ರಲ್ಲಿ.) ಅದುವರೆಗೆ ಹೊತ್ತು ಮುಳುಗಿದರೆ ಗಿರಣಿ ಮುಚ್ಚುತ್ತಿತ್ತು. ದೀಪ ಬಂದದ್ದೇ ತಡ, ದುಡಿಮೆ ಹದಿಮೂರು ಹದಿನಾಲ್ಕು ಗಂಟೆಗೆ ಏರಿತು. ಗದ್ದಲವೆದ್ದು 1906ರಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು, ಅದರ ಹಿಂದೆಯೇ 1908ರಲ್ಲಿ ಕಾರ್ಖಾನೆ ಕಾರ್ಮಿಕ ಆಯೋಗ ವರದಿ ಕೊಟ್ಟಿತು. ವಯಸ್ಕ ಗಂಡಸರ ದುಡಿಮೆಗೆ ಕಾನೂನು ನೇರವಾಗಿ ಮಿತಿ ಹಾಕಬಾರದೆಂದು ಆಯೋಗದ ಬಹುಮತ ಹೇಳಿತು. ಇಂಡಿಯಾದ ಆಳು ಗಿರಣಿಯೊಳಗೇ ಅಡ್ಡಾಡಿಕೊಂಡು ಹೊತ್ತು ಕಳೆಯುತ್ತಾನೆ, ಹಾಗಾಗಿ ಉದ್ದನೆಯ ದಿನ ನಿಜಕ್ಕೂ ಉದ್ದವಲ್ಲ ಎಂಬುದು ಮಾಲೀಕರ ಸಮರ್ಥನೆಯಾಗಿತ್ತು. ಆಯೋಗದ ಸದಸ್ಯ ಡಾ. ಟಿ.ಎಂ. ನಾಯರ್ ಬಹುಮತದ ಮಾತನ್ನು ಒಪ್ಪದೆ, ನೇರ ಮಿತಿಯೇ ಬೇಕೆಂದು ಭಿನ್ನಮತ ಬರೆದರು. 1911ರ ಕಾಯ್ದೆ ಬಟ್ಟೆ ಗಿರಣಿಗಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿದಾಗ ಗೆದ್ದದ್ದು ಬಹುಮತವಲ್ಲ, ನಾಯರ್. ಜಸ್ಟಿಸ್ ಪಕ್ಷದ ಸ್ಥಾಪಕರಲ್ಲಿ ಒಬ್ಬರಾಗಿ ಅವರನ್ನು ನೆನೆಯುವ ನಮ್ಮ ಇತಿಹಾಸಕಾರರು ಈ ಭಿನ್ನಮತದ ಕಡೆ ತಿರುಗಿಯೂ ನೋಡದಿರುವುದು ನನಗೆ ಅರ್ಥವಾಗದ ಉದಾಸೀನ.

ಯಂತ್ರ ಎಡೆಬಿಡದೆ ನಡೆಯಬೇಕಾದಾಗ ಪಾಳಿ ತಾನಾಗಿ ಎಂಟು ಗಂಟೆಯದಾಗುತ್ತದೆ ಎನ್ನುವವರೂ ಇದ್ದಾರೆ. ಇಪ್ಪತ್ತನಾಲ್ಕು ಗಂಟೆ ಎಂಟರಿಂದ ಹೇಗೆ ಸಮನಾಗಿ ಭಾಗವಾಗುತ್ತದೋ ಹನ್ನೆರಡರಿಂದಲೂ ಹಾಗೆಯೇ ಆಗುತ್ತದೆ. ಕುಲುಮೆಗೆ ಎರಡೂ ಒಂದೇ. ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲೇ ಎಂಟು ಗಂಟೆಯ ದುಡಿಮೆ ತಂದಿತು. ಅದಕ್ಕಿಂತ ಎಷ್ಟೋ ಸಿರಿವಂತವಾದ ಅಮೆರಿಕದ ಯು.ಎಸ್. ಸ್ಟೀಲ್ ಹನ್ನೆರಡು ಗಂಟೆಯ ಪಾಳಿಯನ್ನು 1923ರವರೆಗೆ ಬಿಡಲಿಲ್ಲ. ಆ ವರ್ಷದ ಮೇ ತಿಂಗಳಲ್ಲೂ ಅದರ ಮುಖ್ಯಸ್ಥ ಗ್ಯಾರಿ, ಮೂರನೆಯ ಪಾಳಿಗೆ ಆಳು ಸಿಗುವುದಿಲ್ಲ, ಖರ್ಚು ಏರುತ್ತದೆ ಎಂದು ವಾದಿಸಿದರು. ಅಧ್ಯಕ್ಷ ಹಾರ್ಡಿಂಗ್ ಒತ್ತಾಯಿಸಿ, ಜನರ ಸಿಟ್ಟೂ ಬೆಳೆದ ಮೇಲೆ ಕೆಲವೇ ತಿಂಗಳಲ್ಲಿ ಅದೇ ಕುಲುಮೆಗಳಲ್ಲಿ ಎಂಟು ಗಂಟೆಯ ಪಾಳಿ ಶುರುವಾಯಿತು. ಬದಲಾದದ್ದು ಕುಲುಮೆಯಲ್ಲ. ಮೂರನೆಯ ಪಾಳಿಯ ಕೂಲಿಯನ್ನು ಯಾರು ಹೊರಬೇಕೆಂಬ ಜಗಳ ಅಲ್ಲಿ ತೀರ್ಮಾನವಾಯಿತು, ಅಷ್ಟೇ.

ಇನ್ನೊಂದು ತಪ್ಪನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1919ರ ವಾಷಿಂಗ್ಟನ್ ಒಡಂಬಡಿಕೆ ವಾರಕ್ಕೆ 48 ಗಂಟೆ ಎಂದಿತು, ಎಡೆಬಿಡದ ಕೆಲಸಕ್ಕೆ 56, ಇಂಡಿಯಾಕ್ಕೆ 60. ಇಲ್ಲಿ ಇಂಡಿಯಾ ಎಂದರೆ ಬ್ರಿಟಿಷ್ ಇಂಡಿಯಾ. ಮೈಸೂರು ಅದರ ಹೊರಗಿತ್ತು; ಕೋಲಾರದ ಗಣಿಗಳಿಗಿದ್ದದ್ದು ಮೈಸೂರಿನದೇ ಆದ ಗಣಿ ನಿಬಂಧನೆ. ಬ್ರಿಟಿಷ್ ಇಂಡಿಯಾದ 1922ರ ಕಾರ್ಖಾನೆ ಕಾಯ್ದೆಯ ಇಸವಿಯನ್ನು ತಂದು ನಮ್ಮ ಸೀಮೆಗೆ ಅಂಟಿಸುವವರು ಒಂದು ಸಂಸ್ಥಾನದ ಕಾನೂನಿನ ಚರಿತ್ರೆಯನ್ನೇ ಅಳಿಸುತ್ತಿದ್ದಾರೆ.

ಈ ಹಳೆಯ ಲೆಕ್ಕ ಇಂದಿನ ಜಗಳವನ್ನೂ ಬಿಡಿಸಿ ತೋರಿಸುತ್ತದೆ. 2020ರ ಮೇ 22ರಂದು ಕರ್ನಾಟಕ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಲು ಅನುಮತಿ ಕೊಟ್ಟಿತು; ಮೊಕದ್ದಮೆ ಹೈಕೋರ್ಟಿನ ಮುಂದಿರುವಾಗ ಜೂನ್ 11ರಂದು ಹಿಂದಕ್ಕೆ ಪಡೆಯಿತು. ಗುಜರಾತಿನ ಅಂಥದೇ ಆದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಚ್ಚಿನ ಗಂಟೆಗೆ ಕಾಯ್ದೆ ಹೇಳುವ ಎರಡು ಪಟ್ಟು ಕೂಲಿಯನ್ನೂ ತಪ್ಪಿಸಿತ್ತು. ಆ ವರ್ಷದ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಬಾಕಿ ಓಟಿ ಕೊಡಿಸಿತು. ಹೊತ್ತು ಕಡಿಮೆಯಾದರೆ ಉತ್ಪಾದನೆ ಬೀಳುತ್ತದೆ ಎಂದು ಮಾಲೀಕರು ನೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅವರು ನಿಜವಾಗಿ ಹೋರಾಡುವುದು ಈ ಎರಡು ಪಟ್ಟಿನ ವಿರುದ್ಧ, ಹೊಸ ಪಾಳಿಗೆ ಹೊಸ ಆಳನ್ನು ತೆಗೆದುಕೊಳ್ಳಬೇಕಾದ ಖರ್ಚಿನ ವಿರುದ್ಧ.

2023ರ ಕರ್ನಾಟಕದ ತಿದ್ದುಪಡಿಯನ್ನು ಹೀಗೆಯೇ ಓದಬೇಕು. ವಾರದ ಮಿತಿ 48 ಗಂಟೆಯೇ ಉಳಿಯಿತು ಎಂದು ಅದರ ಸಮರ್ಥಕರು ಹೇಳಿದರು, ಅದು ನಿಜ. ಆದರೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅದು ಬಾಗಿಲು ತೆರೆಯಿತು, ಮೂರು ತಿಂಗಳ ಓಟಿಯ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ಕಾರ್ಮಿಕ ಬರೆದು ಒಪ್ಪಿದರೆ ಮಾತ್ರ 12 ಗಂಟೆ ಎಂಬ ಷರತ್ತು ಅದರಲ್ಲಿತ್ತು. ಬಾಗಿಲಲ್ಲಿ ಕೆಲಸಕ್ಕಾಗಿ ಕಾದು ನಿಂತವನು ಆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಹೇಳಬಲ್ಲನೇ ಎಂಬುದನ್ನು ತಿದ್ದುಪಡಿಯ ಪರ ಬರೆದವರಲ್ಲಿ ಯಾರೂ ಕೇಳಿದ್ದನ್ನು ನಾನು ಓದಿಲ್ಲ.