ಬೆನ್ನುಹುರಿಗೆ ಪೆಟ್ಟು: ಯಾರಿಗೆ ಅಪಾಯ ಹೆಚ್ಚು?

ತುರ್ವಿಹಾಳ: ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲು ಸ್ವಾಧೀನ ತಪ್ಪಬಹುದು, ಮೂತ್ರದ ಹಿಡಿತವೂ ಹೋಗಬಹುದು. ನಮ್ಮ ದೇಶದಲ್ಲಿ ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತವೇ ಇದಕ್ಕೆ ಮುಖ್ಯ ಕಾರಣ. ದುಡಿಯುವ ವಯಸ್ಸಿನ ಗಂಡಸರಲ್ಲೇ ಹೆಚ್ಚು.

ಬೇಸಿಗೆಯಲ್ಲಿ ಪ್ಯಾರಾಪೆಟ್ ಇಲ್ಲದ ಮಾಳಿಗೆ ಮೇಲೆ ಮಲಗೋದು, ಹುಣಸೆ ಮರ ಹತ್ತೋದು, ಭತ್ತದ ಚೀಲ ತುಂಬಿದ ಟ್ರಾಲಿ ಮೇಲೆ ಕೂತು ಹೋಗೋದು, ಕುಡಿದು ಬೈಕ್ ಓಡಿಸೋದು ಎಲ್ಲವೂ ಅಪಾಯವೇ. ಹಮಾಲರು ತಲೆ ಮೇಲೆ ಚೀಲ ಹೊತ್ತಾಗ ಕಾಲು ಜಾರಿದರೆ ಪೆಟ್ಟು ಕುತ್ತಿಗೆಗೇ. ಅಂಗಡಿಯವರು ಇದನ್ನ ಗಮನಿಸಬೇಕು. ಕುತ್ತಿಗೆ ಮೂಳೆ ಸವೆದ ಹಿರಿಯರಿಗೆ ಬಚ್ಚಲಲ್ಲಿ ಜಾರಿದರೂ ಸಾಕು.

ಬಿದ್ದವರನ್ನ ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂಡಿಸೋದು ನಮ್ಮಲ್ಲಿ ರೂಢಿ. ಆಗಲೇ ಹುರಿಗೆ ಇನ್ನಷ್ಟು ಹಾನಿ ಆಗಬಹುದು. ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಹಲಗೆ ಮೇಲೆ ಮಲಗಿಸಿ.