ಡೀಸೆಲ್ ಪಿಕಪ್‌ಗೆ ಟರ್ಬೊ ಬೂಸ್ಟ್: ಎಷ್ಟರವರೆಗೆ ಸುರಕ್ಷಿತ?

ಸರಕು ತುಂಬಿದ ಪಿಕಪ್ ಏರು ರಸ್ತೆಯಲ್ಲಿ ಎಳೆಯುತ್ತಿಲ್ಲ ಎಂದಾಕ್ಷಣ ಹಲವು ಮಾಲೀಕರಿಗೆ ಮೊದಲು ನೆನಪಾಗುವುದು ಟರ್ಬೊ. 'ಬೂಸ್ಟ್ ಸ್ವಲ್ಪ ಏರಿಸಿದರೆ ಸಾಕು' ಎಂಬ ಸಲಹೆ ಗ್ಯಾರೇಜುಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಬೂಸ್ಟ್ ಹೆಚ್ಚಿಸುವುದು ಕಷ್ಟದ ಕೆಲಸವಲ್ಲ. ಹೆಚ್ಚಿಸಿದ ನಂತರವೂ ಎಂಜಿನ್ ಬಾಳಿಕೆ ಬರುವಂತೆ ನೋಡಿಕೊಳ್ಳುವುದು ಕಷ್ಟ. ಒಂದೇ ವಾಹನದ ದುಡಿಮೆಯನ್ನು ನಂಬಿದ ಕುಟುಂಬಕ್ಕೆ ಎಂಜಿನ್ ಕೆಲಸ ಎಂದರೆ ತಿಂಗಳುಗಳ ಸಂಪಾದನೆ. ಆದ್ದರಿಂದ ಈ ವಿಷಯದ ತಾಂತ್ರಿಕ ಮತ್ತು ಕಾನೂನು ಮಿತಿಗಳನ್ನು ತಿಳಿದಿರುವುದು ಅವಶ್ಯ.

ಬಿಡದಿ ಮತ್ತು ಡೀಸೆಲ್

ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿರುವ ಬಿಡದಿ ಕೈಗಾರಿಕಾ ಪ್ರದೇಶವು ರಾಜ್ಯದ ವಾಹನೋದ್ಯಮದ ಪ್ರಮುಖ ನೆಲೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಇಲ್ಲಿ 1999ರ ಡಿಸೆಂಬರ್‌ನಲ್ಲಿ ಉತ್ಪಾದನೆ ಆರಂಭಿಸಿತು. ವಾಹನದ ಬಿಡಿಭಾಗ ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಸಹ ಇಲ್ಲಿಯೇ ಇದೆ. 'ಮೈಕೊ' ಎಂಬ ಹೆಸರಿನಿಂದ ಜನಪ್ರಿಯವಾದ, ಡೀಸೆಲ್ ಪಂಪ್‌ಗಳಿಗೆ ಹೆಸರಾದ ಬಾಷ್ ಕಂಪೆನಿಯ ಘಟಕವೂ ಬಿಡದಿಯಲ್ಲಿದೆ.

ಟರ್ಬೊ ತಂದ ಬದಲಾವಣೆಗೆ ಬಿಡದಿಯ ವಾಹನಗಳೇ ಉತ್ತಮ ಉದಾಹರಣೆ. ಇಲ್ಲಿ ಮೊದಲು ತಯಾರಾದ ಕ್ವಾಲಿಸ್‌ನಲ್ಲಿ ಟರ್ಬೊ ಇಲ್ಲದ 2.4 ಲೀಟರ್ ಡೀಸೆಲ್ ಎಂಜಿನ್ ಇತ್ತು. ಅದರ ಶಕ್ತಿ ಸುಮಾರು 75 ಪಿಎಸ್. 2005ರಲ್ಲಿ ಬಂದ ಇನ್ನೋವಾದ 2.5 ಲೀಟರ್ ಎಂಜಿನ್ ಟರ್ಬೊ ಹಾಗೂ ಕಾಮನ್ ರೈಲ್ ಇಂಧನ ವ್ಯವಸ್ಥೆಯ ನೆರವಿನಿಂದ 102 ಪಿಎಸ್ ನೀಡಿತು. 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೈಲಕ್ಸ್ ಪಿಕಪ್‌ನ 2.8 ಲೀಟರ್ ಎಂಜಿನ್ನಿನ ಶಕ್ತಿ 204 ಪಿಎಸ್. ಎಂಜಿನ್ನಿನ ಗಾತ್ರ ಅಷ್ಟಾಗಿ ಬೆಳೆಯಲಿಲ್ಲ. ಅದು ಉಸಿರಾಡುವ ಗಾಳಿಯ ಪ್ರಮಾಣ ಮತ್ತು ಇಂಧನ ಸಿಂಪಡಿಸುವ ಒತ್ತಡ ಬೆಳೆದವು.

ಟರ್ಬೊ ಮಾಡುವ ಕೆಲಸ

ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ಕಳುಹಿಸುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದರು. ಚಿಕ್ಕ ಡೀಸೆಲ್ ವಾಹನಗಳ ಟರ್ಬೊ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತು ನಿಲ್ಲುವುದು ತೆಳುವಾದ ಎಣ್ಣೆಯ ಪದರ ಮಾತ್ರ.

ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿ ಒಳಹೋಗುತ್ತದೆಯೋ ಅದೇ 'ಬೂಸ್ಟ್'. ಗ್ಯಾರೇಜುಗಳಲ್ಲಿ ಇದನ್ನು ಬಾರ್ ಅಥವಾ ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತಾರೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಬರುವುದು ಉರಿಯುವ ಇಂಧನದಿಂದ. ಬೂಸ್ಟ್ ಮಾತ್ರ ಏರಿಸಿ ಇಂಧನವನ್ನು ಮೊದಲಿನಷ್ಟೇ ಬಿಟ್ಟರೆ ಎಳೆತ ಹೆಚ್ಚೇನೂ ಬದಲಾಗದು. ಉರಿ ಪೂರ್ಣವಾಗಿ ಹೊಗೆ ಕಡಿಮೆಯಾಗಬಹುದು. ಇಂಧನ ಮಾತ್ರ ಹೆಚ್ಚಿಸಿ ಗಾಳಿ ಹೆಚ್ಚಿಸದಿದ್ದರೆ ಕಪ್ಪು ಹೊಗೆ ಬರುತ್ತದೆ, ನಿಷ್ಕಾಸದ ಉಷ್ಣತೆ ಏರುತ್ತದೆ, ಪಿಸ್ಟನ್ ಮತ್ತು ಟರ್ಬೊ ಬೇಯುತ್ತವೆ. ಆದ್ದರಿಂದ ಗಾಳಿ ಮೊದಲು, ಇಂಧನ ನಂತರ ಎಂಬ ಕ್ರಮ ತಪ್ಪಬಾರದು.

ಬಿಸಿ ಗಾಳಿಯ ಲೆಕ್ಕ

ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಅದರಲ್ಲಿನ ಆಮ್ಲಜನಕದ ಸಾಂದ್ರತೆ ಕುಗ್ಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ವಾಯುಭಾರ ಸುಮಾರು 0.91 ಬಾರ್. ಹೊರಗಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಟರ್ಬೊ ದಕ್ಷತೆ ಶೇ 70 ಎಂದು ಇಟ್ಟುಕೊಂಡರೆ, 1 ಬಾರ್ ಬೂಸ್ಟ್‌ನಲ್ಲಿ ಟರ್ಬೊದಿಂದ ಹೊರಬರುವ ಗಾಳಿಯ ಉಷ್ಣತೆ ಸುಮಾರು 130 ಡಿಗ್ರಿ. ಬೂಸ್ಟ್ ಅನ್ನು 1.5 ಬಾರ್‌ಗೆ ಏರಿಸಿದರೆ ಅದು ಸುಮಾರು 170 ಡಿಗ್ರಿ ತಲುಪುತ್ತದೆ.

ಈ ಬದಲಾವಣೆಯಲ್ಲಿ ಒಳಹೋಗುವ ಗಾಳಿಯ ಒಟ್ಟು ಒತ್ತಡ ಶೇ 26ರಷ್ಟು ಹೆಚ್ಚಾಗುತ್ತದೆ. ಆದರೆ ಇಂಟರ್‌ಕೂಲರ್ ಇಲ್ಲದಿದ್ದರೆ ಗಾಳಿಯ ಸಾಂದ್ರತೆ ಹೆಚ್ಚುವುದು ಸುಮಾರು ಶೇ 16 ಮಾತ್ರ. ಎರಡೂ ಸಂದರ್ಭಗಳಲ್ಲಿ ಗಾಳಿಯನ್ನು 60 ಡಿಗ್ರಿಗೆ ತಣಿಸಬಲ್ಲ ಇಂಟರ್‌ಕೂಲರ್ ಇದ್ದರೆ ಪೂರ್ಣ ಶೇ 26ರ ಲಾಭ ದೊರೆಯುತ್ತದೆ. ಇಂಟರ್‌ಕೂಲರ್ ಇಲ್ಲದ ಅಥವಾ ಅದರ ರೆಕ್ಕೆಗಳಲ್ಲಿ ಕೆಸರು ತುಂಬಿದ ವಾಹನದಲ್ಲಿ ಬೂಸ್ಟ್ ಏರಿಸಿದರೆ ಲಾಭಕ್ಕಿಂತ ಬಿಸಿಯೇ ಹೆಚ್ಚು.

ಎತ್ತರದ ಪ್ರಭಾವವೂ ಇದೆ. ಸಮುದ್ರ ಮಟ್ಟದಲ್ಲಿ 1.2 ಬಾರ್ ಬೂಸ್ಟ್ ನೀಡುವ ಟರ್ಬೊ ಗಾಳಿಯನ್ನು ಸುಮಾರು 2.2 ಪಟ್ಟು ಒತ್ತುತ್ತಿರುತ್ತದೆ. ಎಂಜಿನ್ನಿಗೆ ಅಷ್ಟೇ ಒಟ್ಟು ಒತ್ತಡವನ್ನು ಬೆಂಗಳೂರಿನ ಎತ್ತರದಲ್ಲಿ ಒದಗಿಸಬೇಕಾದರೆ 2.4 ಪಟ್ಟು ಒತ್ತಬೇಕು, ಅಂದರೆ ಇನ್ನೂ ವೇಗವಾಗಿ ತಿರುಗಬೇಕು. ಮಂಗಳೂರಿನಲ್ಲಿ ಸರಿಹೊಂದಿದ ಸೆಟ್ಟಿಂಗ್ ಬಿಡದಿಯಲ್ಲಿ ಸರಿಹೊಂದಬೇಕೆಂದಿಲ್ಲ.

ಒಂದೇ ಎಂಜಿನ್, ಎರಡು ಟಾರ್ಕ್

ಹೈಲಕ್ಸ್‌ನ 2.8 ಲೀಟರ್ ಎಂಜಿನ್ ಮ್ಯಾನುಯಲ್ ಗೇರ್‌ಬಾಕ್ಸ್ ಇರುವ ಮಾದರಿಯಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್ ನೀಡಿದರೆ, ಆಟೊಮ್ಯಾಟಿಕ್ ಮಾದರಿಯಲ್ಲಿ 500 ನ್ಯೂಟನ್ ಮೀಟರ್ ನೀಡುತ್ತದೆ. ಎರಡರಲ್ಲೂ ಗರಿಷ್ಠ ಶಕ್ತಿ 204 ಪಿಎಸ್. ಎಂಜಿನ್ನಿಗೆ ಸಾಧ್ಯವಿರುವ ಟಾರ್ಕ್ ಒಂದು, ಒಟ್ಟು ವಾಹನಕ್ಕೆ ನಿಗದಿಯಾದ ಟಾರ್ಕ್ ಇನ್ನೊಂದು ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಇವುಗಳಲ್ಲಿ ಅತಿ ದುರ್ಬಲವಾದದ್ದು ಯಾವುದೋ ಅದೇ ಮಿತಿ. ಬೂಸ್ಟ್ ಮತ್ತು ಇಂಧನ ಏರಿಸಿದ ವಾಹನದಲ್ಲಿ ಸಾಮಾನ್ಯವಾಗಿ ಮೊದಲು ಜಾರತೊಡಗುವುದು ಕ್ಲಚ್.

ಹೆಚ್ಚಿಸುವ ಮುನ್ನ

ಎಳೆಯುತ್ತಿಲ್ಲ ಎಂಬ ದೂರಿನೊಂದಿಗೆ ಬರುವ ಎಷ್ಟೋ ವಾಹನಗಳಿಗೆ ಬೇಕಿರುವುದು ಹೊಸ ಬೂಸ್ಟ್ ಅಲ್ಲ; ಕಳೆದುಹೋದ ಹಳೆಯ ಬೂಸ್ಟ್. ಕೆಳಗಿನವುಗಳನ್ನು ಮೊದಲು ಪರೀಕ್ಷಿಸಬೇಕು:

* ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿವೆಯೇ?
* ಟರ್ಬೊ–ಇಂಟರ್‌ಕೂಲರ್ ನಡುವಿನ ರಬ್ಬರ್ ಹೋಸ್‌ಗಳಲ್ಲಿ ಬಿರುಕು, ಕ್ಲಿಪ್‌ಗಳಲ್ಲಿ ಸಡಿಲತೆ ಇದೆಯೇ? ಹೋಸ್ ಹೊರಗೆ ಎಣ್ಣೆ ಪಸೆ ಕಂಡರೆ ಅಲ್ಲಿ ಸೋರಿಕೆ ಇರಬಹುದು.
* ಟರ್ಬೊ ನಿಯಂತ್ರಿಸುವ ವ್ಯಾಕ್ಯೂಮ್ ಪೈಪ್ ತೂತಾಗಿದೆಯೇ? ಒಳಗಿನ ಅಲುಗುಗಳು ಮಸಿಯಿಂದ ಅಂಟಿಕೊಂಡಿವೆಯೇ?
* ಇಜಿಆರ್ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯೇ?
* ಬ್ರೇಕ್ ಹಿಡಿದುಕೊಂಡಿದೆಯೇ? ನಿಗದಿಗಿಂತ ಹೆಚ್ಚು ಸರಕು ತುಂಬಲಾಗುತ್ತಿದೆಯೇ?

ಈ ಪರೀಕ್ಷೆಯಲ್ಲೇ ಬಹಳಷ್ಟು ಸಮಸ್ಯೆ ಬಗೆಹರಿಯುತ್ತದೆ. ಇದಕ್ಕೆ ತಗಲುವ ವೆಚ್ಚ ಒಂದು ಹೊಸ ಟರ್ಬೊದ ಬೆಲೆಯ ಸಣ್ಣ ಪಾಲು.

ಸುರಕ್ಷಿತ ಕ್ರಮ

ಮೊದಲ ಹಂತ ಅಳತೆ. ಬೂಸ್ಟ್ ಮೀಟರ್ ಮತ್ತು ನಿಷ್ಕಾಸ ಉಷ್ಣತೆಯ ಮೀಟರ್ ಎರಡೂ ಬೇಕು. ಉಷ್ಣತೆಯ ಸೆನ್ಸರ್ ಟರ್ಬೊಗಿಂತ ಮುಂಚಿನ ಭಾಗದಲ್ಲಿರಬೇಕು. ಟರ್ಬೊ ನಂತರ ಅಳೆದರೆ ಭಾರದ ಓಟದಲ್ಲಿ ನೂರು ಡಿಗ್ರಿಗೂ ಹೆಚ್ಚು ಕಡಿಮೆ ತೋರಿಸಬಹುದು. ಯಾವ ಬದಲಾವಣೆಯನ್ನೂ ಮಾಡುವ ಮೊದಲು ಪೂರ್ಣ ಸರಕಿನೊಂದಿಗೆ ಒಂದೇ ಏರು ರಸ್ತೆಯಲ್ಲಿ, ಒಂದೇ ಗೇರಿನಲ್ಲಿ ಓಡಿಸಿ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ವಾಹನ ದಟ್ಟಣೆ ಇರುವ ಹೆದ್ದಾರಿ ಇಂತಹ ಪರೀಕ್ಷೆಗೆ ಸ್ಥಳವಲ್ಲ. ಸಾಧ್ಯವಿದ್ದಲ್ಲಿ ಡೈನಮೊಮೀಟರ್ ಬಳಸುವುದು ಉತ್ತಮ.

ಎರಡನೆಯ ಹಂತ ತಂಪು ಮತ್ತು ಎಣ್ಣೆ. ಇಂಟರ್‌ಕೂಲರ್, ರೇಡಿಯೇಟರ್ ಶುಚಿಗೊಳಿಸಿ, ತಯಾರಕರು ಸೂಚಿಸಿದ ದರ್ಜೆಯ ಹೊಸ ಎಂಜಿನ್ ಆಯಿಲ್ ಹಾಕಬೇಕು.

ಮೂರನೆಯ ಹಂತದಲ್ಲಿ ಮಾತ್ರ ಬೂಸ್ಟ್. ವೇಸ್ಟ್‌ಗೇಟ್ ಇರುವ ಹಳೆಯ ಟರ್ಬೊಗಳಲ್ಲಿ ಆಕ್ಚುವೇಟರ್ ದಂಡದ ಉದ್ದ ತಗ್ಗಿಸಿದರೆ ಬೂಸ್ಟ್ ಏರುತ್ತದೆ. ಒಮ್ಮೆಗೆ 0.1 ಬಾರ್ ಮೀರದಂತೆ ಬದಲಿಸಿ ಅದೇ ರಸ್ತೆಯಲ್ಲಿ ಮತ್ತೆ ಅಳೆಯಬೇಕು. ಇಂಧನ ಅಷ್ಟೇ ಇದ್ದು ಬೂಸ್ಟ್ ಏರಿದಾಗ ನಿಷ್ಕಾಸದ ಉಷ್ಣತೆ ಇಳಿದರೆ ಎಂಜಿನ್ನಿಗೆ ಗಾಳಿಯ ಕೊರತೆ ಇತ್ತೆಂದು ಅರ್ಥ. ಉಷ್ಣತೆ ಇಳಿಯದಿದ್ದರೆ ಅಥವಾ ಏರಿದರೆ ಟರ್ಬೊ ತನ್ನ ಸಾಮರ್ಥ್ಯದ ಮಿತಿ ದಾಟಿ ಬರಿ ಬಿಸಿ ಗಾಳಿ ತಳ್ಳುತ್ತಿದೆ ಎಂದು ತಿಳಿದು ಹಿಂದಿನ ಸೆಟ್ಟಿಂಗಿಗೆ ಮರಳಬೇಕು.

ಕೊನೆಯ ಹಂತದಲ್ಲಿ, ಬೇಕಿದ್ದರೆ ಇಂಧನ. ಹೊಗೆ ಕಾಣಿಸಿಕೊಂಡಲ್ಲಿಗೆ ನಿಲ್ಲಿಸಬೇಕು. ದೀರ್ಘ ಏರಿನಲ್ಲಿ ಟರ್ಬೊ ಮುಂಚಿನ ಉಷ್ಣತೆ 700 ಡಿಗ್ರಿ ಮೀರದಂತೆ ನೋಡಿಕೊಳ್ಳುವುದು ವಾಡಿಕೆಯ ಎಚ್ಚರಿಕೆ. ಸರಕಿನೊಂದಿಗೆ ಏರು ಹತ್ತಿ ಬಂದ ಮೇಲೆ ಒಂದೆರಡು ನಿಮಿಷ ಎಂಜಿನ್ ನಿಧಾನಗತಿಯಲ್ಲಿ ಓಡಲು ಬಿಟ್ಟು ನಂತರ ನಿಲ್ಲಿಸಿದರೆ ಟರ್ಬೊ ಬೇರಿಂಗಿನಲ್ಲಿ ಎಣ್ಣೆ ಸುಟ್ಟು ಕರಕಲಾಗುವುದು ತಪ್ಪುತ್ತದೆ.

ಹೊಸ ವಾಹನಗಳ ವಿಷಯವೇ ಬೇರೆ

ಇತ್ತೀಚಿನ ಕಾಮನ್ ರೈಲ್ ವಾಹನಗಳಲ್ಲಿ ಬೂಸ್ಟ್, ಇಂಧನ, ಇಜಿಆರ್ ಎಲ್ಲವನ್ನೂ ಎಂಜಿನ್ ಕಂಪ್ಯೂಟರ್ ನಿಯಂತ್ರಿಸುತ್ತದೆ. ದಂಡ ತಿರುಗಿಸಿದರೆ ಕಂಪ್ಯೂಟರ್ ಅದನ್ನು ದೋಷವೆಂದು ಪರಿಗಣಿಸಿ ಶಕ್ತಿಯನ್ನೇ ತಗ್ಗಿಸಬಹುದು. ಮಾರುಕಟ್ಟೆಯಲ್ಲಿ ದೊರೆಯುವ ಅಗ್ಗದ 'ಟ್ಯೂನಿಂಗ್ ಬಾಕ್ಸ್'ಗಳಲ್ಲಿ ಹಲವು ರೈಲ್ ಒತ್ತಡದ ಸೆನ್ಸರ್‌ನ ಅಂಕಿಯನ್ನು ಕಡಿಮೆ ತೋರಿಸಿ ಕಂಪ್ಯೂಟರನ್ನು ವಂಚಿಸುತ್ತವೆ. ಆಗ ನಿಜವಾದ ಒತ್ತಡ ಎಷ್ಟೆಂಬುದು ಕಂಪ್ಯೂಟರಿಗೂ ತಿಳಿಯದು, ಚಾಲಕನಿಗೂ ತಿಳಿಯದು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹೆಚ್ಚು ಇಂಧನದಿಂದ ಹೆಚ್ಚು ಮಸಿ ಬಂದರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಎಳೆತ ಮೊದಲಿಗಿಂತಲೂ ಕುಸಿಯುತ್ತದೆ. ಡಿಪಿಎಫ್ ಕಿತ್ತುಹಾಕಿಸುವುದು ಪರಿಹಾರವಲ್ಲ, ಅಪರಾಧ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುವುದು, ವಾರಂಟಿ ಕಳೆದುಕೊಳ್ಳುವುದು, ಅಪಘಾತದ ಸಂದರ್ಭದಲ್ಲಿ ವಿಮೆ ತಕರಾರಿಗೆ ಒಳಗಾಗುವುದು ಬೇರೆಯದೇ ನಷ್ಟ. ಆದ್ದರಿಂದ ಯಾವುದೇ ಮಾರ್ಪಾಡಿಗೆ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ಪಡೆಯಬೇಕು. ವಿಮಾ ಕಂಪೆನಿಗೂ ತಿಳಿಸಬೇಕು.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು, ಮಾವಿನ ಕಾಲದಲ್ಲಿ ಬೆಂಗಳೂರಿಗೆ ಹಣ್ಣು ಸಾಗಿಸುವ ಪಿಕಪ್‌ಗಳಿಗೆ ನಿತ್ಯ ಓಡುವುದೇ ಮುಖ್ಯ. ಅಂತಹ ವಾಹನಕ್ಕೆ ಸೋರಿಕೆಯಿಲ್ಲದ ಹೋಸ್, ಶುಚಿಯಾದ ಇಂಟರ್‌ಕೂಲರ್, ಕಾಲಕ್ಕೆ ಸರಿಯಾಗಿ ಬದಲಿಸಿದ ಎಣ್ಣೆ ಇದ್ದರೆ ಕಾರ್ಖಾನೆ ನೀಡಿದ ಬೂಸ್ಟ್ ಸಾಕಾಗುತ್ತದೆ. ಅದೂ ಸಾಲದೆ ಹೋದರೆ, ಹೊರೆಗೆ ತಕ್ಕ ದೊಡ್ಡ ವಾಹನ ಕೊಳ್ಳುವ ಲೆಕ್ಕವನ್ನೂ ಬೂಸ್ಟ್ ಏರಿಸುವ ಲೆಕ್ಕದ ಪಕ್ಕದಲ್ಲಿಟ್ಟು ನೋಡುವುದು ಒಳಿತು.